ಧ್ವನಿಮುದ್ರಿಕೆ ನಡೆಸುವ ಮೌನ

ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮುಗಿಸಿ ಬಂದವರು ಮೊದಲು ಹೇಳುವುದು ಮೊಬೈಲಿನ ಕಥೆ. ಸೇರುವ ದಿನ ಅದನ್ನು ಆಫ್ ಮಾಡಿ ಕಚೇರಿಯಲ್ಲಿ ಒಪ್ಪಿಸಿದ್ದು, ಕೈ ತಾನಾಗಿಯೇ ಜೇಬಿಗೆ ಹೋಗುತ್ತಿದ್ದದ್ದು, ಆದರೂ ಲೋಕವೇನೂ ಮುಳುಗದೆ ಉಳಿದದ್ದು. ನನ್ನ ಪ್ರಕಾರ ಅಲ್ಲಿನ ಕಟ್ಟಳೆಗಳಲ್ಲಿ ತೀರಾ ಸಲೀಸಾದದ್ದು ಇದೇ. ಕಾಡುವುದು ಪುಸ್ತಕ, ಪೆನ್ನು ಎರಡನ್ನೂ ದೂರವಿಡುವ ನಿಯಮ. ಓದುವ ಚಟದವರು ಟೂತ್‌ಪೇಸ್ಟ್ ಟ್ಯೂಬಿನ ಮೇಲೆ ಅಚ್ಚಾದ ತಯಾರಕರ ವಿಳಾಸವನ್ನೂ ಬಿಡದೆ ಓದತೊಡಗುತ್ತಾರೆ. ನಾವು ಹೊಗಳುವ ಏಕಾಂತದಲ್ಲಿ ಒಂದು ಒಳ್ಳೆಯ ಪುಸ್ತಕ, ಒಂದು ಡೈರಿ ಇದ್ದೇ ಇರುತ್ತವೆ. ಇಲ್ಲಿ ಅವೂ ಇಲ್ಲ. ಹೊಳೆದ ವಿಚಾರವನ್ನು ಬರೆದಿಟ್ಟುಕೊಳ್ಳಲು ಆಗದೇ ಹೋದಾಗ, ಅದೇನು ಅಂಥ ದೊಡ್ಡ ವಿಚಾರವಲ್ಲ ಎಂದು ಮಾರನೇ ದಿನಕ್ಕೆ ಗೊತ್ತಾಗಿಬಿಡುತ್ತದೆ.

ಬರ್ಮಾದ ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ವಿಪರೀತ ತಲೆನೋವಿಗೆ ಪರಿಹಾರ ಹುಡುಕುತ್ತ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಲ್ಲಿಗೆ ಹೋಗಿ ಕಲಿತ ಪದ್ಧತಿ ಇದು. 1969ರಲ್ಲಿ ಅದನ್ನು ಭಾರತಕ್ಕೆ ತಂದರು. ಇದನ್ನು ಮೊಬೈಲಿನಿಂದ ಸಿಗುವ ರಜೆ ಎಂದುಕೊಳ್ಳುವವರು ಒಂದು ಮಾತು ನೆನಪಿಡಬೇಕು: 1994ರ ಏಪ್ರಿಲ್‌ನಲ್ಲಿ ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳು ಈ ಶಿಬಿರಕ್ಕೆ ಕೂತಾಗ ದೇಶದಲ್ಲಿ ಮೊಬೈಲ್ ಸೇವೆಯೇ ಶುರುವಾಗಿರಲಿಲ್ಲ.

ಬೆಂಗಳೂರಿನ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರವಾಗಲಿ, ಇಗತ್‌ಪುರಿಯ ಧಮ್ಮಗಿರಿಯಾಗಲಿ, ವೇಳಾಪಟ್ಟಿ ಒಂದೇ. ಬೆಳಗಿನ ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಧ್ಯಾನ, ಹನ್ನೊಂದಕ್ಕೆ ಊಟ, ರಾತ್ರಿ ಒಂಬತ್ತೂವರೆಗೆ ದೀಪ ಆರಿಸಬೇಕು. ಹೊಸಬರಿಗೆ ಸಂಜೆ ಐದಕ್ಕೆ ಚಹಾ, ಒಂದಿಷ್ಟು ಹಣ್ಣು. ಅಲ್ಲಿಗೆ ಆ ದಿನದ ಊಟೋಪಚಾರ ಮುಗಿಯಿತು. ಮೊದಲ ಮೂರೂವರೆ ದಿನ ಬರೀ ಉಸಿರು ಗಮನಿಸುವ ಆನಾಪಾನ. ನಾಲ್ಕನೇ ದಿನದಿಂದ ಮೈಯ ಸಂವೇದನೆಗಳತ್ತ ಗಮನ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಅಲುಗಾಡದೆ ಕೂರುವ ಅಧಿಷ್ಠಾನ. ನಲವತ್ತು ನಿಮಿಷ ದಾಟಿದರೆ ಮಂಡಿ ಉರಿಯುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ದಿಂಬು ಸರಿಸಿದ ಸದ್ದಿಗೆ ಅಸೂಯೆಯಾಗುತ್ತದೆ. ಏಕಾಂತವೆಂದರೆ ತೆಪ್ಪಗೆ ಒರಗಿ ಕೂರುವುದು ಎಂದುಕೊಂಡು ಹೋದವರಿಗೆ ಇದು ದುಡಿಮೆ. ಈ ಪದ್ಧತಿಯ ಗಟ್ಟಿತನ ಇರುವುದೂ ಅಲ್ಲೇ. ಸುಮ್ಮನಿರು ಎಂದಷ್ಟೇ ಹೇಳಿ ಕೈಬಿಡದೆ, ಸುಮ್ಮನಿರುವ ಹೊತ್ತಿನಲ್ಲಿ ಮಾಡಲು ಒಂದು ಕೆಲಸ ಕೊಡುತ್ತದೆ.

ಆದರೆ ಆ ಕೆಲಸ ಹೇಳಿಕೊಡುವವರು ಯಾರು? 2013ರಲ್ಲಿ ತೀರಿಕೊಂಡ ಗೋಯೆಂಕಾ ಅವರೇ, ಸ್ಪೀಕರಿನಿಂದ. ಸೂಚನೆಗಳು ಆಡಿಯೋ, ಸಂಜೆಯ ಪ್ರವಚನ ವಿಡಿಯೋ. ಎದುರಿಗೆ ಕೂತ ಸಹಾಯಕ ಆಚಾರ್ಯರು ಗುಂಡಿ ಒತ್ತುತ್ತಾರೆ, ಸಂಶಯವಿದ್ದರೆ ಚುಟುಕಾಗಿ ಉತ್ತರಿಸುತ್ತಾರೆ. ಉಪಕರಣಗಳನ್ನೆಲ್ಲ ಹೊರಗಿಟ್ಟು ಬಂದವರು ಒಂದು ಉಪಕರಣದ ಮಾತಿನಂತೆ ನಡೆಯುತ್ತಾರೆ. ಇದನ್ನು ನಾನು ಬೂಟಾಟಿಕೆ ಎನ್ನಲಾರೆ. ಧ್ವನಿಮುದ್ರಿಕೆಯಿಂದಾಗಿ ಪಾಠ ಎಲ್ಲೆಡೆ ಒಂದೇ ಆಗಿ ಉಳಿದಿದೆ, ಊರಿಗೊಬ್ಬ ಹೊಸ ಗುರು ಹುಟ್ಟಿಕೊಂಡಿಲ್ಲ. ಪ್ರಶ್ನೆ ಕೇಳುವವರಿಗೆ ಮಾತ್ರ ಇಲ್ಲಿ ನಿರಾಸೆಯೇ: ದಶಕಗಳ ಹಿಂದೆ ಚಿತ್ರೀಕರಿಸಿದ ಪ್ರವಚನ ಇವತ್ತಿನ ಕೇಳುಗನ ಅನುಮಾನಕ್ಕೆ ತಕ್ಕಂತೆ ಬದಲಾಗದು.

ಶುಲ್ಕವಿಲ್ಲ. ಶಿಬಿರ ಪೂರೈಸಿದವರಿಂದ ಮಾತ್ರ ದಾನ ಪಡೆಯುತ್ತಾರೆ. ಅಡುಗೆ, ಬಡಿಸುವಿಕೆಯಲ್ಲಿ ಹಿಂದೆ ಶಿಬಿರಕ್ಕೆ ಕೂತವರೇ ಸೇವೆಗೆ ನಿಲ್ಲುತ್ತಾರೆ. ರೆಸಾರ್ಟ್‌ಗಳು ‘ಡಿಜಿಟಲ್ ಡಿಟಾಕ್ಸ್’ ಹೆಸರಿನಲ್ಲಿ ಮೌನವನ್ನು ರಾತ್ರಿಯ ಲೆಕ್ಕದಲ್ಲಿ ಮಾರುತ್ತಿರುವಾಗ ಇದು ಸಣ್ಣ ಮಾತಲ್ಲ.

ಹಾಗಿದ್ದೂ ಬಾಗಿಲು ಎಲ್ಲರಿಗೂ ತೆರೆದಿಲ್ಲ. ದುಡ್ಡು ಬೇಡ ನಿಜ, ಹತ್ತು ದಿನ ಬೇಕಲ್ಲ! ಐಟಿ ಕಂಪನಿಯವರು ರಜೆ ಹೊಂದಿಸಿಕೊಂಡಾರು. ದಿನಗೂಲಿಯವರಿಗೆ ಅಷ್ಟು ದಿನದ ಕೂಲಿ ಹೋಗುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಇಂಥ ಬಿಡುವು, ಆಕೆಗೆ ಸಿಗದೇ ಇರುವುದೂ ಅದೇ. ಒಂದು, ಎರಡು, ಮೂರು ದಿನದ ಶಿಬಿರಗಳೂ ಇವೆ, ಆದರೆ ಅವು ಹತ್ತು ದಿನದ ಶಿಬಿರ ಪೂರೈಸಿದ ‘ಹಳೆಯ ಸಾಧಕ’ರಿಗೆ ಮೀಸಲು. ಪದ್ಧತಿ ನೆಲೆಯೂರಲು ಹತ್ತು ದಿನ ಬೇಕೇ ಬೇಕು ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೂ, ಹತ್ತು ದಿನ ಮನೆ ಬಿಡಲಾಗದವಳಿಗೆ ಒಂದು ದಿನವೂ ಇಲ್ಲವೆನ್ನುವ ನಿಯಮ ಬಿಗಿಯಾಯಿತು ಎಂದೇ ನನಗನ್ನಿಸುತ್ತದೆ.