ದೇವದಾಸನನ್ನು ಕೇಳದೆ ಉಳಿದ ಪ್ರಶ್ನೆ

ನಮ್ಮೂರಿನಲ್ಲಿ ಗಡ್ಡ ಬಿಟ್ಟು ಕುಡಿಯುವವರಿಗೆಲ್ಲ ಒಂದೇ ಹೆಸರು: ದೇವದಾಸ. ನನ್ನ ಸೋದರಮಾವನಿಗೂ ಆ ಹೆಸರು ಅಂಟಿತ್ತು. ಅವನು ಯಾವ ಹುಡುಗಿಯನ್ನೂ ಪ್ರೀತಿಸಿ ಕಳೆದುಕೊಂಡವನಲ್ಲ. ಕುಡಿತ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ನಿದ್ದೆ ಬಾರದೆ ರಾತ್ರಿಯೆಲ್ಲ ಜಗಲಿಯಲ್ಲಿ ಕೂತಿರುತ್ತಿದ್ದ. ತೋಟದ ಕಡೆ ತಲೆ ಹಾಕದೆ ದಿನಗಟ್ಟಲೆ ಮಲಗಿರುತ್ತಿದ್ದ. ಅದು ಸೋಮಾರಿತನ ಅನ್ನಿಸಿಕೊಂಡಿತು. ಎಲ್ಲರಿಗೂ ಕಂಡದ್ದು ಬಾಟಲಿ ಮಾತ್ರ.

ಶರತ್‌ಚಂದ್ರರ ‘ದೇವದಾಸ’ ಪ್ರಕಟವಾದದ್ದು 1917ರಲ್ಲಿ. ಬರುವಾ 1935ರಲ್ಲಿ, ಬಿಮಲ್ ರಾಯ್ 1955ರಲ್ಲಿ, ಭನ್ಸಾಲಿ 2002ರಲ್ಲಿ ಅದನ್ನು ತೆರೆಗೆ ತಂದರು. 1953ರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ತೆಲುಗಿನ ದೇವದಾಸನಾದರು. ಇಷ್ಟು ಸಲ ಹುಟ್ಟಿ ಬಂದರೂ ಈ ಮನುಷ್ಯನ ಕುಡಿತಕ್ಕೆ ನಮಗೆ ಗೊತ್ತಿರುವ ಕಾರಣ ಒಂದೇ, ಪಾರ್ವತಿ.

ಆದರೆ ಕಾದಂಬರಿಯನ್ನು ನಿಧಾನವಾಗಿ ಓದಿದರೆ ಬೇರೆಯದೂ ಕಾಣುತ್ತದೆ. ಬಾಟಲಿ ಮುಟ್ಟುವ ಮೊದಲೇ ಅವನು ಸಿಟ್ಟಿನ ಭರದಲ್ಲಿ ಪಾರ್ವತಿಯ ಹಣೆಗೆ ಗಾಯ ಮಾಡಿದವನು. ಅವಳನ್ನು ನಿರಾಕರಿಸಿ ಕಾಗದ ಬರೆದು, ಬೆನ್ನಿಗೇ ಪಶ್ಚಾತ್ತಾಪದಲ್ಲಿ ಬೆಂದವನು. ಪಾತ್ರಕ್ಕೆ ರೋಗದ ಚೀಟಿ ಅಂಟಿಸುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಇಷ್ಟೇ: ಕತೆಗೆ ಅವನ ಪ್ರೇಮ ಕಾಣುತ್ತದೆ, ಕೆಡುತ್ತಿರುವ ಯಕೃತ್ತೂ ಕಾಣುತ್ತದೆ. ಇವೆರಡರ ನಡುವೆ ಮನಸ್ಸು ಎಂಬುದೊಂದಿದೆ, ಅದಕ್ಕೂ ಕಾಯಿಲೆ ಬರುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ತಮಾಷೆಯೆಂದರೆ, ದುರಂತ ಪಾತ್ರಗಳನ್ನು ಮಾಡಿ ಮಾಡಿ ಕುಗ್ಗಿದ ದಿಲೀಪ್ ಕುಮಾರ್ ಮನೋವೈದ್ಯರನ್ನು ಕಂಡರು, ಹಗುರ ಪಾತ್ರಗಳತ್ತ ಹೊರಳಿದರು. ನಟನಿಗೆ ಸಿಕ್ಕ ವೈದ್ಯ ಪಾತ್ರಕ್ಕೆ ಇವತ್ತಿಗೂ ಸಿಕ್ಕಿಲ್ಲ.

ಬಿಮಲ್ ರಾಯ್ ಅವರ ಚಿತ್ರ ಬಂದ ವರ್ಷವೇ, ಜನವರಿ 18ರಂದು, ಸಾದತ್ ಹಸನ್ ಮಂಟೋ ಲಾಹೋರಿನಲ್ಲಿ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಕುಡಿತ ಬಿಡಿಸಲು ಅವರನ್ನು ಸೇರಿಸಿದ್ದು ಅಲ್ಲಿನ ಮಾನಸಿಕ ಆಸ್ಪತ್ರೆಗೆ. ಹುಚ್ಚಾಸ್ಪತ್ರೆಯ ಒಳಗಿನಿಂದಲೇ ದೇಶವಿಭಜನೆಯನ್ನು ನೋಡುವ ‘ಟೋಬಾ ಟೇಕ್ ಸಿಂಗ್’ ನಮಗೆ ದಕ್ಕಿತು, ಅದನ್ನು ಬರೆದವರು ದಕ್ಕಲಿಲ್ಲ. ಆ ಕತೆಯನ್ನು ಮೆಚ್ಚುವ ಭರದಲ್ಲಿ ಮಂಟೋ ಕುಡಿತವನ್ನು ಪ್ರತಿಭೆಯ ಬೆಲೆ ಎಂದು ಬರೆದವರು ಕಡಿಮೆಯಿಲ್ಲ. ಅದೂ ದೇವದಾಸನ ಓದೇ. ನೋವು ಸುಂದರವಾಗಿ ಕಂಡರೆ ಅದಕ್ಕೆ ಮದ್ದು ಹುಡುಕುವ ಅವಸರ ಯಾರಿಗೂ ಇರುವುದಿಲ್ಲ.

ಮನೋವೈದ್ಯರು ಕೇಳುವ ಪ್ರಶ್ನೆಯೇ ಬೇರೆ: ಮೊದಲು ಬಂದದ್ದು ಯಾವುದು? ಕೆಲವರಲ್ಲಿ ಕುಡಿತ ನಿಂತ ಕೆಲವು ವಾರಗಳಲ್ಲಿ ಖಿನ್ನತೆ ತಾನಾಗಿ ಕರಗುತ್ತದೆ. ಇನ್ನು ಕೆಲವರಲ್ಲಿ ಕುಡಿತ ನಿಂತ ಮೇಲೇ ಅದು ನಿಚ್ಚಳವಾಗಿ ಕಾಣುತ್ತದೆ, ಏಕೆಂದರೆ ಅವರು ಕುಡಿಯುತ್ತಿದ್ದುದೇ ಅದನ್ನು ಅದುಮಲು. ಉತ್ತರ ಯಾವುದೇ ಇರಲಿ, ಎರಡನ್ನೂ ಒಟ್ಟಿಗೆ, ಸಾಧ್ಯವಾದರೆ ಒಂದೇ ತಂಡ ನೋಡಿಕೊಳ್ಳಬೇಕು. ಬಹಳ ಕಾಲ ವಿಪರೀತ ಕುಡಿದವರನ್ನು ಹಟಾತ್ತನೆ ನಿಲ್ಲಿಸಿ ಕೋಣೆಯಲ್ಲಿ ಕೂಡಿಹಾಕಿದರೆ ನಡುಕ, ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾದೀತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರ ಮನೋವೈದ್ಯದ ಅಂಗಳದೊಳಗೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲೂ ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು ಸೇರಿವೆ. ಕಾನೂನಿಗೆ ಅರ್ಥವಾದದ್ದು ನಮ್ಮ ಕತೆಗಳಿಗೆ ಇನ್ನೂ ಅರ್ಥವಾಗಬೇಕಿದೆ.

ಶರತ್‌ಚಂದ್ರರಿಗೆ ಅನ್ಯಾಯ ಮಾಡಬಾರದು. ಕುಡುಕನನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಸಮಾಜದ ಮುಂದೆ ನಿಂತು, ಇವನಿಗಾಗಿ ಮರುಗಿ ಎಂದು ಅವರು ಬೇಡಿಕೊಂಡರು. ಅದು ಸಣ್ಣ ಧೈರ್ಯವಲ್ಲ. ಆದರೆ ನೂರು ವರ್ಷ ದಾಟಿದರೂ ನಾವು ಅಲ್ಲಿಯೇ ನಿಂತಿದ್ದೇವೆ.

ಮಾವನನ್ನು ಒಮ್ಮೆ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೆವು. ಮನಸ್ಸಿನ ವಿಷಯ ಎತ್ತಿದಾಗ ಅದಕ್ಕೆ ಬೇರೆ ಆಸ್ಪತ್ರೆಗೆ ಹೋಗಿ ಎಂದರು. ಅಲ್ಲಿಗೆ ಹೋದರೆ, ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ ಎಂದರು. ಎರಡು ಬಾಗಿಲುಗಳ ನಡುವೆ ಓಡಾಡಿ ಅವನು ಮತ್ತೆ ಜಗಲಿಗೇ ಬಂದ. ಅವನು ಹೋದ ದಿನ ಅಂಗಳದಲ್ಲಿ ಯಾರೋ “ಪಾಪ, ದೇವದಾಸ” ಎಂದರು. ಕನಿಕರದ ಮಾತೇ ಅದು. ಆದರೂ ‘ರಾತ್ರಿ ನಿದ್ದೆ ಬರುತ್ತದೆಯೇನೋ’ ಎಂದು ಅವನು ಬದುಕಿದ್ದಾಗ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.