ಬಾರ್ಲೋ ನಾವಿಕನ ದಿನಚರಿ

ಇಂಗ್ಲೆಂಡಿನ ಸಮುದ್ರಯಾನಗಳ ಸಾಹಿತ್ಯವೆಂದೊಡನೆ ರಿಚರ್ಡ್ ಹಕ್ಲೂಟನು ೧೫೮೯ರಲ್ಲಿ ಪ್ರಕಟಿಸಿದ ಮಹಾಸಂಕಲನವನ್ನು ನೆನೆಯುವುದು ವಾಡಿಕೆ. ಅದರ ಗಾಂಭೀರ್ಯವನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ಮುಂದೆ ನಿಂತಿರುವವರು ಕಪ್ತಾನರು ಮತ್ತು ವರ್ತಕರು. ಹಗ್ಗವನ್ನೆಳೆದು ಹಾಯಿಯನ್ನು ಕಟ್ಟಿದವರು ಬಹುಮಟ್ಟಿಗೆ ಲೆಕ್ಕಕ್ಕೆ ಮಾತ್ರ ಉಂಟು. ಅವರ ಬಾಯಿಯಿಂದಲೇ ಅವರ ಬಾಳನ್ನು ಕೇಳಬಯಸುವ ವಾಚಕರು ಎಡ್ವರ್ಡ್ ಬಾರ್ಲೋವಿನ ದಿನಚರಿಯನ್ನು ಓದತಕ್ಕದ್ದು.

ಬಾರ್ಲೋ ೧೬೪೨ರಲ್ಲಿ ಮ್ಯಾಂಚೆಸ್ಟರಿನ ಸಮೀಪದ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಬಟ್ಟೆಯನ್ನು ಬಿಳುಪು ಮಾಡುವ ಕಸಬು ಮನಸ್ಸಿಗೊಗ್ಗದೆ ಲಂಡನ್ನಿಗೆ ಬಂದು, ೧೬೫೯ರಲ್ಲಿ ಹಡಗನ್ನು ಹತ್ತಿದನು. ೧೬೭೨ರಲ್ಲಿ ಡಚ್ಚರ ಕೈಗೆ ಸೆರೆಸಿಕ್ಕಿ ಬಟೇವಿಯಾದಲ್ಲಿದ್ದಾಗ ಈ ಬರವಣಿಗೆಯನ್ನು ತೊಡಗಿ, ೧೭೦೩ರ ವರೆಗಿನ ವೃತ್ತಾಂತವನ್ನು ಸ್ವಹಸ್ತದ ಚಿತ್ರಗಳೊಡನೆ ದಾಖಲಿಸಿದನು. ಬೇಸಿಲ್ ಲಬಕ್ಕನು ಸಂಪಾದಿಸಿದ ಮುದ್ರಿತ ಪ್ರತಿ ೧೯೩೪ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

ಗ್ರಂಥದ ಬಲವಿರುವುದು ಅದರ ದೂರುಗಳಲ್ಲಿ. ಉಪ್ಪುಹಾಕಿದ ಮಾಂಸ, ಗಟ್ಟಿ ಬಿಸ್ಕತ್ತು. ನಾಲ್ಕು ಗಂಟೆಗಳ ಸರದಿ ಮುಗಿಸಿ ಮಲಗಿದವನನ್ನು ಬಿರುಗಾಳಿಯಲ್ಲಿ ಎಬ್ಬಿಸಿ ಕೂವೆಮರವನ್ನೇರಿಸುವ ಕೂಗು. ಅರಸನ ಹಡಗುಗಳಲ್ಲಿ ನುರಿತ ನಾವಿಕನ ಸಂಬಳ ತಿಂಗಳಿಗೆ ೨೪ ಷಿಲಿಂಗು. ಅದೂ ಅನೇಕ ವೇಳೆ ನಗದಾಗಿರದೆ ಚೀಟಿಯಾಗಿರುತ್ತಿತ್ತು. ಹಸಿದವನು ಆ ಚೀಟಿಯನ್ನು ಕಡಮೆ ಬೆಲೆಗೆ ಮಾರಿಕೊಳ್ಳಬೇಕಾಗಿತ್ತು. ವ್ಯಾಪಾರದ ಹಡಗುಗಳಲ್ಲಾದರೋ, ಕೆಟ್ಟ ಸರಕಿನ ನಷ್ಟವನ್ನು ನಾವಿಕರ ಕೂಲಿಯಿಂದಲೇ ಮುರಿದುಕೊಳ್ಳುತ್ತಿದ್ದರು. ಈ ದೂರುಗಳು ಮತ್ತೆ ಮತ್ತೆ ಬಂದು ಬೇಸರ ತರುತ್ತವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಆ ಪುನರುಕ್ತಿಯೇ ಇಲ್ಲಿನ ಅರ್ಥ. ಕಪ್ತಾನನಿಗೆ ಪ್ರತಿಯೊಂದು ಯಾನವೂ ಹೊಸದು. ನಾವಿಕನಿಗೆ ಬಂದರು ಬದಲಾದರೂ ಬವಣೆ ಬದಲಾಗದು.

ನಮ್ಮ ಕರಾವಳಿಗೂ ಈ ಕಥೆಯ ನಂಟುಂಟು. ೧೬೯೭ರಲ್ಲಿ ಬಾರ್ಲೋ ನಡೆಸುತ್ತಿದ್ದ 'ಸೆಪ್ಟರ್' ಹಡಗು ಕೆಂಪುಸಮುದ್ರದ ಬಾಯಲ್ಲಿ ಕಪ್ತಾನ ಕಿಡ್ಡನನ್ನು ಹಿಮ್ಮೆಟ್ಟಿಸಿತು. ಅದೇ ವರ್ಷ ಕಿಡ್ಡನ ನಾವಿಕರು ಕೆಲವರು ಕಾರವಾರದಲ್ಲಿ ಹಡಗನ್ನು ತೊರೆದು ಇಂಗ್ಲೀಷರ ಕೋಠಿಗೆ ಸುದ್ದಿ ಮುಟ್ಟಿಸಿದರು. ಓಡಿಹೋಗುವುದೊಂದೇ ಹಲವು ನಾವಿಕರಿಗೆ ಉಳಿದಿದ್ದ ಉಪಾಯ.

ಇಷ್ಟು ಹೇಳಿ ನಿಲ್ಲಿಸುವಂತಿದ್ದರೆ ವಿಮರ್ಶಕನ ಕೆಲಸ ಸುಲಭವಾಗುತ್ತಿತ್ತು. ಆದರೆ ಗ್ರೀನಿಚ್ಚಿನ ಸಾಗರ ವಸ್ತುಸಂಗ್ರಹಾಲಯದಲ್ಲಿ ಹಸ್ತಪ್ರತಿಯನ್ನು ದುರಸ್ತಿಮಾಡಿದಾಗ ಹೊರಬಿದ್ದ ಸಂಗತಿಯೊಂದು ೨೦೧೮ರಲ್ಲಿ ಲೋಕಕ್ಕೆ ತಿಳಿಯಿತು. ಬಾರ್ಲೋ ಒಂದು ಕಡೆ ಬೇರೆ ಕಾಗದವನ್ನು ಅಂಟಿಸಿ ಮೊದಲಿನ ಬರಹವನ್ನು ಮುಚ್ಚಿದ್ದನು. ಮುಂದೆ ತನ್ನ ಹೆಂಡತಿಯಾದ ಮೇರಿ ಸೈಮನ್ಸ್ ಎಂಬ ಸೇವಕಿಯ ಮೇಲೆ ತಾನು ಬಲಾತ್ಕಾರವೆಸಗಿದುದನ್ನು ಅವನು ಆ ಅಡಿಯ ಬರಹದಲ್ಲಿ ಒಪ್ಪಿಕೊಂಡಿದ್ದನು.

ಇದರಿಂದ ಕೂಲಿ, ಹಸಿವುಗಳ ಕುರಿತ ಅವನ ಸಾಕ್ಷ್ಯ ಸುಳ್ಳಾಗುವುದಿಲ್ಲ. ಆದರೆ ಅವನನ್ನು ಇನ್ನು ಮುಚ್ಚುಮರೆಯಿಲ್ಲದ ಲೇಖಕನೆಂದು ಹೊಗಳಲಾಗದು. ಧಣಿಗಳ ಅನ್ಯಾಯವನ್ನು ಪುಟಪುಟಗಳಲ್ಲಿ ಸಾರಿದವನು ತನ್ನ ಅನ್ಯಾಯದ ಮೇಲೆ ಕಾಗದವನ್ನು ಹೊದಿಸಿದನು. ಹಕ್ಲೂಟನ ಸಂಕಲನದಲ್ಲಿ ದನಿಯಿಲ್ಲದವನು ನಾವಿಕ. ನಾವಿಕನ ದಿನಚರಿಯಲ್ಲಿ ದನಿಯಿಲ್ಲದವಳು ಮೇರಿ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಓದುವ ಸಹೃದಯರಿಗೆ ಮಾತ್ರ ಈ ಗ್ರಂಥವು ತನ್ನ ಪೂರ್ಣವಾದ ತೂಕವನ್ನು ತೋರಿಸುವುದು.