ವೇದಿಕೆಯ ಹಿಂದಿನ ತಂದೆತಾಯಂದಿರು

ಮಕ್ಕಳ ಪ್ರತಿಭೆಗೆ ಪ್ರೋತ್ಸಾಹ ನೀಡಬೇಕು ಎಂಬ ಮಾತಿಗೆ ಇಂದು ಎದುರಾಡುವವರಿಲ್ಲ. ಆದರೆ ಪ್ರೋತ್ಸಾಹ ಎಂದರೇನು? ಅದರ ಬೆಲೆಯನ್ನು ಯಾರು ತೆರುತ್ತಾರೆ? ಬೇಡ ಎನ್ನುವ ಹಕ್ಕು ಮಗುವಿಗೆ ಇದೆಯೇ? ಈ ಪ್ರಶ್ನೆಗಳು ಬಂದಾಗ ನಾವೆಲ್ಲ ಸಾಮಾನ್ಯವಾಗಿ ಮೌನಕ್ಕೆ ಶರಣಾಗುತ್ತೇವೆ. ಬ್ಯಾಲೆ ಕಲಿಯುವ ಮಕ್ಕಳನ್ನು ಕುರಿತ ಮೂರು ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಈ ಮೌನ ಸ್ವಲ್ಪವಾದರೂ ಮುರಿಯುತ್ತದೆ. ಆ ಚಿತ್ರಗಳು ಸ್ಟೀಫನ್ ಡಾಲ್ಡ್ರಿಯ 'ಬಿಲ್ಲಿ ಎಲಿಯಟ್' (2000), ಬೆಸ್ ಕಾರ್ಗ್‌ಮನ್ ಅವರ ಸಾಕ್ಷ್ಯಚಿತ್ರ 'ಫಸ್ಟ್ ಪೊಸಿಶನ್' (2011) ಮತ್ತು ಸೂನಿ ತಾರಾಪೋರ್‌ವಾಲಾ ನಿರ್ದೇಶಿಸಿದ 'ಯೇ ಬ್ಯಾಲೆ' (2020).

ನಮ್ಮಲ್ಲಿ ನೃತ್ಯರೂಪಕಕ್ಕೂ ಬ್ಯಾಲೆ ಎನ್ನುವ ರೂಢಿಯಿದೆ. ಇಲ್ಲಿನ ಮಾತು ಅದಲ್ಲ. ಇದು ಇಟಲಿಯ ಆಸ್ಥಾನಗಳಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಶಾಸ್ತ್ರದ ರೂಪ ಪಡೆದ ಯುರೋಪಿನ ನೃತ್ಯ. ಹದಿನಾಲ್ಕನೆಯ ಲೂಯಿ ದೊರೆ 1661ರಲ್ಲಿ ಇದಕ್ಕೊಂದು ಅಕಾಡೆಮಿಯನ್ನೇ ಸ್ಥಾಪಿಸಿದ. ದೊರೆಗಳ ಮನೆಯ ಈ ಕಲೆ ಗಣಿ ಕಾರ್ಮಿಕನ, ಟ್ಯಾಕ್ಸಿ ಚಾಲಕನ, ವೆಲ್ಡರನ ಮನೆಯ ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದೇ ಈ ಚಿತ್ರಗಳ ಕುತೂಹಲದ ಮೂಲ.

ಮೊದಲು 'ಫಸ್ಟ್ ಪೊಸಿಶನ್'. ಹಿಮ್ಮಡಿಗಳೆರಡನ್ನೂ ಜೋಡಿಸಿ, ಪಾದಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವ ಭಂಗಿಗೆ ಆ ಹೆಸರು. ಮಗು ಮೊದಲ ದಿನ ಕಲಿಯುವ ಪಾಠ ಅದು. ಸ್ಪರ್ಧೆಯ ಮೊದಲ ಸ್ಥಾನ ಎಂಬ ಅರ್ಥವನ್ನೂ ಹೆಸರು ಬಚ್ಚಿಟ್ಟುಕೊಂಡಿದೆ. ಯೂತ್ ಅಮೆರಿಕ ಗ್ರಾಂಡ್ ಪ್ರಿ ಎಂಬ ಸ್ಪರ್ಧೆಯನ್ನು ಬೊಲ್ಶೊಯ್ ತಂಡದ ಮಾಜಿ ನರ್ತಕರಾದ ಲರಿಸಾ ಮತ್ತು ಗೆನ್ನಡಿ ಸವೆಲ್ಯೆವ್ ದಂಪತಿ 1999ರಲ್ಲಿ ಆರಂಭಿಸಿದರು. ಒಂಬತ್ತರಿಂದ ಹತ್ತೊಂಬತ್ತು ವರ್ಷದವರು ಇದರಲ್ಲಿ ಭಾಗವಹಿಸುತ್ತಾರೆ. ಬೇರೆ ಬೇರೆ ನಗರಗಳ ಸುತ್ತುಗಳಲ್ಲಿ ಸಾವಿರಾರು ಮಕ್ಕಳು ಕುಣಿದರೆ, ಅಂತಿಮ ಸುತ್ತಿಗೆ ತಲುಪುವವರು ಅವರಲ್ಲಿ ಕೆಲವರು ಮಾತ್ರ. ಸ್ಪರ್ಧೆಯ ಜೊತೆಗೇ ಕಾರ್ಯಾಗಾರಗಳೂ ನಡೆಯುತ್ತವೆ. ದೊಡ್ಡ ಬ್ಯಾಲೆ ಶಾಲೆಗಳ ಮುಖ್ಯಸ್ಥರು ತೀರ್ಪುಗಾರರಾಗಿ ಬಂದು, ತಮಗೆ ಬೇಕಾದ ಮಕ್ಕಳನ್ನು ಅಲ್ಲಿಯೇ ಆರಿಸಿ ವಿದ್ಯಾರ್ಥಿವೇತನ ಕೊಡುತ್ತಾರೆ. ಹೀಗಾಗಿ ಇದು ಸ್ಪರ್ಧೆಯೂ ಹೌದು, ಪ್ರವೇಶ ಪರೀಕ್ಷೆಯೂ ಹೌದು, ಸಂತೆಯೂ ಹೌದು. ವೇದಿಕೆಯ ಮೇಲೆ ಮಗುವಿಗೆ ಸಿಗುವುದು ಕೆಲವೇ ನಿಮಿಷ. ಅದಕ್ಕಾಗಿ ಕುಟುಂಬ ವರ್ಷಗಟ್ಟಲೆ ದುಡಿದಿರುತ್ತದೆ.

ಚಿತ್ರ ಆರು ಮಂದಿ ಸ್ಪರ್ಧಿಗಳ ಹಿಂದೆ ಹೋಗುತ್ತದೆ. ಆದರೆ ನಮ್ಮ ಕಣ್ಣು ನಿಲ್ಲುವುದು ಹೆತ್ತವರ ಮೇಲೆ. ಹುಡುಗಿಯರು ತುದಿಗಾಲಲ್ಲಿ ನಿಂತು ಕುಣಿಯುವ ಪಾಯಿಂಟ್ ಷೂ ಜೊತೆಗೆ ಅಮೆರಿಕದಲ್ಲಿ ಸುಮಾರು 100 ಡಾಲರ್ ಆಗುತ್ತದೆ. ದಿನವೂ ಗಂಟೆಗಟ್ಟಲೆ ಅಭ್ಯಾಸ ಮಾಡುವವರ ಕಾಲಿನಲ್ಲಿ ಅದು ಕೆಲವೇ ದಿನ ಬಾಳುತ್ತದೆ. ಉಡುಪು, ಖಾಸಗಿ ಪಾಠ, ಪ್ರಯಾಣ, ಹೋಟೆಲು, ಮೂಳೆ ವೈದ್ಯರು ಎಲ್ಲವೂ ಬೇರೆ. ಕ್ಯಾಲಿಫೋರ್ನಿಯದ ಮಿಕೋ ಎಂಬ ಹುಡುಗಿಯ ಮನೆಯಲ್ಲಿ ಜೀವನವೇ ಬ್ಯಾಲೆಯ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಅವಳ ತಮ್ಮ ಜೂಲ್ಸ್‌ಗೆ ಹತ್ತು ವರ್ಷ. ಅವನೂ ಸ್ಪರ್ಧೆಗೆ ಇಳಿಯುತ್ತಾನೆ, ಆದರೆ ಅವನ ಮನಸ್ಸು ಅಲ್ಲಿಲ್ಲ ಎಂಬುದು ನೋಡುವ ಎಲ್ಲರಿಗೂ ತಿಳಿಯುತ್ತದೆ. ಕೊನೆಗೊಂದು ದಿನ ಅವನು ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಆಗ ಅಳುವುದು ಮಗನಲ್ಲ, ತಾಯಿ. ಇಡೀ ಚಿತ್ರದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ದೃಶ್ಯ ಇನ್ನೊಂದಿಲ್ಲ. ಆ ತಾಯಿ ಕೆಟ್ಟವಳಲ್ಲ. ತನ್ನ ಬಾಳನ್ನೇ ಮಕ್ಕಳಿಗೆ ಧಾರೆಯೆರೆದವಳು. ಆದರೆ ಧಾರೆಯೆರೆದದ್ದು ಕ್ರಮೇಣ ಸಾಲವಾಗುತ್ತದೆ, ಅದನ್ನು ತೀರಿಸುವ ಹೊಣೆ ತಿಳಿಯದಂತೆ ಮಗುವಿನ ಹೆಗಲೇರುತ್ತದೆ. ಮುಂದೆ ಮಿಕೋ ಕೂಡ ವೃತ್ತಿಪರ ಬ್ಯಾಲೆ ತಂಡಕ್ಕೆ ಸೇರಿ, ಆನಂತರ ಅದನ್ನು ಬಿಟ್ಟು ಕಾಲೇಜಿಗೆ ಹೋದಳು ಎಂಬುದು ಚಿತ್ರದ ಹೊರಗಿನ ಸಂಗತಿ.

ಇನ್ನೊಂದು ತಾಯಿಯ ಚಿತ್ರವೂ ಇಲ್ಲಿದೆ. ಮೈಕೇಲಾ ಡಿಪ್ರಿನ್ಸ್ 1995ರಲ್ಲಿ ಸಿಯೆರಾ ಲಿಯೋನಿನ ಮುಸ್ಲಿಂ ಕುಟುಂಬವೊಂದರಲ್ಲಿ ಮಾಬಿಂಟಿ ಬಂಗೂರಾ ಆಗಿ ಹುಟ್ಟಿದವಳು. ಅಂತರ್ಯುದ್ಧದಲ್ಲಿ ಬಂಡುಕೋರರು ತಂದೆಯನ್ನು ಕೊಂದರು. ತಾಯಿಯೂ ಬದುಕುಳಿಯಲಿಲ್ಲ. ಅವಳ ಚರ್ಮದಲ್ಲಿ ತೊನ್ನಿನ ಕಲೆಗಳಿದ್ದವು. ಅನಾಥಾಲಯದಲ್ಲಿ ಮಕ್ಕಳಿಗೆ ಕ್ರಮಸಂಖ್ಯೆ ಕೊಟ್ಟು ಊಟ, ಬಟ್ಟೆ ಹಂಚುತ್ತಿದ್ದರು. ಇಪ್ಪತ್ತೇಳು ಮಕ್ಕಳಲ್ಲಿ ಅವಳದು ಇಪ್ಪತ್ತೇಳನೆಯ ಸಂಖ್ಯೆ. ಗಾಳಿಯಲ್ಲಿ ಹಾರಿಬಂದ ಪತ್ರಿಕೆಯೊಂದರ ಮುಖಪುಟದಲ್ಲಿ ಬ್ಯಾಲೆ ನರ್ತಕಿಯ ಚಿತ್ರ ಕಂಡು ಅದನ್ನು ಜೋಪಾನ ಮಾಡಿಟ್ಟುಕೊಂಡಳು. ಹೀಮೋಫಿಲಿಯಾ ಇದ್ದ ಗಂಡುಮಕ್ಕಳನ್ನು ಕಲುಷಿತ ರಕ್ತೌಷಧಿಯಿಂದ ಬಂದ ಏಡ್ಸ್‌ಗೆ ಕಳೆದುಕೊಂಡಿದ್ದ ನ್ಯೂಜೆರ್ಸಿಯ ಎಲೇನ್ ಮತ್ತು ಚಾರ್ಲ್ಸ್ ಡಿಪ್ರಿನ್ಸ್ ದಂಪತಿ 1999ರಲ್ಲಿ ಅವಳನ್ನು ದತ್ತು ಪಡೆದರು.

ಚಿತ್ರದಲ್ಲಿ ಎಲೇನ್ ಮಗಳ ಉಡುಪನ್ನು ಮುಂದಿಟ್ಟುಕೊಂಡು ಅದರ ಪಟ್ಟಿಗಳಿಗೆ ಕಂದು ಬಣ್ಣ ಹಚ್ಚುತ್ತಾಳೆ. ಬ್ಯಾಲೆ ಉಡುಪಿನಲ್ಲಿ 'ಮೈಬಣ್ಣ' ಎಂದು ಆಗ ಮಾರುತ್ತಿದ್ದುದು ಹೆಚ್ಚಾಗಿ ಬಿಳಿಯರ ಮೈಬಣ್ಣವನ್ನೇ. ಯಾವ ಭಾಷಣವೂ ಇಲ್ಲದೆ ಒಂದು ಕುಂಚ ಆ ಕಲೆಯ ಇಡೀ ಇತಿಹಾಸವನ್ನು ನಮಗೆ ತೋರಿಸುತ್ತದೆ. ಮಗುವನ್ನು ಬೆಂಬಲಿಸುವುದೆಂದರೆ ಅದನ್ನು ಸ್ಪರ್ಧೆಯ ಅಳತೆಗೆ ಕತ್ತರಿಸುವುದಲ್ಲ, ಆ ಅಳತೆಯನ್ನೇ ಮಗುವಿಗೆ ತಕ್ಕಂತೆ ಬದಲಿಸಲು ಹೆಣಗುವುದು ಎಂಬ ಅರ್ಥ ಇಲ್ಲಿ ಹೊಳೆಯುತ್ತದೆ. ಮೈಕೇಲಾ ಮುಂದೆ ಡಚ್ ನ್ಯಾಷನಲ್ ಬ್ಯಾಲೆ ಮತ್ತು ಬೋಸ್ಟನ್ ಬ್ಯಾಲೆಗಳಲ್ಲಿ ಕುಣಿದಳು. 2024ರ ಸೆಪ್ಟೆಂಬರಿನಲ್ಲಿ ಇಪ್ಪತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡಳು. ಮರುದಿನವೇ ಎಲೇನ್ ಕೂಡ ಹೊರಟುಹೋದರು. ಮಗಳ ಸಾವಿನ ಸುದ್ದಿ ಅವರನ್ನು ತಲುಪಿರಲೇ ಇಲ್ಲ.

ಇಷ್ಟಾಗಿಯೂ 'ಫಸ್ಟ್ ಪೊಸಿಶನ್' ಬಗ್ಗೆ ನಮಗೊಂದು ತಕರಾರಿದೆ. ಅದು ಸ್ಪರ್ಧೆಯ ಕತೆಯನ್ನು ಸ್ಪರ್ಧೆಯ ನಿಯಮದಂತೆಯೇ ಹೇಳುತ್ತದೆ. ಕೊನೆಗೆ ಗೆಲುವುಗಳು ಸಾಲಾಗಿ ಬರುತ್ತವೆ, ನೋಡುವವರು ನಿಟ್ಟುಸಿರು ಬಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. ಸಾಲ ಮಾಡಿ ಬಂದು ಬರಿಗೈಯಲ್ಲಿ ಮರಳಿದ ಸಾವಿರಾರು ಮನೆಗಳಲ್ಲಿ ಒಂದರೊಳಗೂ ಕ್ಯಾಮರಾ ಹೋಗುವುದಿಲ್ಲ. ಕತೆ ಬರೆಯುವವರಿಗೆ ಇದು ಸಣ್ಣ ಲೋಪವಲ್ಲ.

ಈ ಲೋಪವನ್ನು ಹತ್ತು ವರ್ಷ ಮೊದಲೇ ತುಂಬಿದ್ದು 'ಬಿಲ್ಲಿ ಎಲಿಯಟ್'. ಲೀ ಹಾಲ್ ಬರೆದ ಈ ಕತೆ ನಡೆಯುವುದು 1984-85ರ ಬ್ರಿಟಿಷ್ ಗಣಿ ಕಾರ್ಮಿಕರ ಮುಷ್ಕರದ ನಡುವೆ, ಡರ್ಹ್ಯಾಮ್ ಪ್ರಾಂತದ ಒಂದು ಗಣಿ ಊರಿನಲ್ಲಿ. ತಾಯಿಯಿಲ್ಲದ ಹುಡುಗ ಬಿಲ್ಲಿ ಬಾಕ್ಸಿಂಗ್ ಬಿಟ್ಟು ಹುಡುಗಿಯರ ಬ್ಯಾಲೆ ತರಗತಿಗೆ ಹೋಗುತ್ತಾನೆ. ತಂದೆ ಸಿಡಿಮಿಡಿಗೊಳ್ಳುತ್ತಾನೆ. ಆದರೆ ಮಗ ಕುಣಿಯುವುದನ್ನು ಒಮ್ಮೆ ಕಣ್ಣಾರೆ ಕಂಡ ಮೇಲೆ ಅವನು ಮಾಡುವ ಕೆಲಸ ನಮ್ಮನ್ನು ಬೆಚ್ಚಿಬೀಳಿಸುತ್ತದೆ. ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲಿನ ಪರೀಕ್ಷೆಗೆ ಹೋಗಲು ದುಡ್ಡು ಬೇಕು. ತಿಂಗಳುಗಟ್ಟಲೆ ಮುಷ್ಕರದಲ್ಲಿರುವ ಮನೆಯಲ್ಲಿ ದುಡ್ಡೆಲ್ಲಿ? ಅವನು ಮುಷ್ಕರ ಮುರಿದವರ ಬಸ್ಸು ಹತ್ತುತ್ತಾನೆ. ನಿನ್ನೆಯವರೆಗೆ ಯಾರಿಗೆ ಮೊಟ್ಟೆ ಎಸೆದಿದ್ದನೋ ಅವರ ಸಾಲಿನಲ್ಲಿ ತಾನೇ ಕೂರುತ್ತಾನೆ. ಹಿರಿಯ ಮಗ ಓಡಿಬಂದು ತಡೆದಾಗ ಆ ಗಟ್ಟಿ ಮನುಷ್ಯ ಮಗುವಿನಂತೆ ಅಳುತ್ತಾನೆ.

ತನ್ನ ಮಗುವಿಗಾಗಿ ಜೊತೆಗಾರರಿಗೆ ದ್ರೋಹ ಮಾಡಬಹುದೇ? ಚಿತ್ರ ಇದಕ್ಕೆ ಸುಲಭದ ಉತ್ತರ ಕೊಡುವುದಿಲ್ಲ. ಆದರೆ ದಾರಿಯೊಂದನ್ನು ತೋರಿಸುತ್ತದೆ. ಊರಿನವರು ಕೈಲಾದಷ್ಟು ಚಂದಾ ಎತ್ತುತ್ತಾರೆ, ತಂದೆ ತೀರಿಹೋದ ಹೆಂಡತಿಯ ಒಡವೆಗಳನ್ನು ಗಿರವಿ ಇಡುತ್ತಾನೆ. ಹಸಿದ ಊರು ತನಗೆ ಅರ್ಥವಾಗದ ಒಂದು ಕಲೆಗಾಗಿ ಚಿಲ್ಲರೆ ಕೂಡಿಸುತ್ತದೆ. ಬಿಲ್ಲಿ ಆಯ್ಕೆಯಾದ ಸಂತೋಷವನ್ನು ಹೇಳಲು ತಂದೆ ಓಡಿಹೋದಾಗ ಗೆಳೆಯರಲ್ಲಿ ಇರುವುದು ಮುಷ್ಕರ ಸೋತ ಸುದ್ದಿ. ಒಬ್ಬ ಹುಡುಗ ಗೆದ್ದ ಹೊತ್ತಿಗೆ ಅವನನ್ನು ಗೆಲ್ಲಿಸಿದ ಊರು ಸೋತಿದೆ. ಒಬ್ಬನ ಏಳಿಗೆಯನ್ನು ಎಲ್ಲರ ಏಳಿಗೆ ಎಂದು ಬಣ್ಣಿಸದಿರುವುದೇ ಈ ಚಿತ್ರದ ಘನತೆ.

'ಯೇ ಬ್ಯಾಲೆ'ಗೆ ಬಂದರೆ ನಾವು ಮುಂಬಯಿಯಲ್ಲಿದ್ದೇವೆ. ಟ್ಯಾಕ್ಸಿ ಚಾಲಕನ ಮಗ ಮನೀಶ್ ಚೌಹಾಣ್ ಮತ್ತು ವೆಲ್ಡರನ ಮಗ ಅಮೀರುದ್ದೀನ್ ಶಾ ಇಬ್ಬರ ನಿಜಜೀವನ ಇದಕ್ಕೆ ಆಧಾರ. ಯೆಹೂದಾ ಮಾವೊರ್ ಎಂಬ ವಯೋವೃದ್ಧ ಇಸ್ರೇಲಿ-ಅಮೆರಿಕನ್ ಗುರು ಇವರನ್ನು ತಿದ್ದಿದರು. ಅಮೀರುದ್ದೀನ್ 2017ರಲ್ಲಿ ರಾಯಲ್ ಬ್ಯಾಲೆ ಸ್ಕೂಲಿಗೆ ಸೇರಿದ. ಚಿತ್ರದಲ್ಲಿ ಮನೀಶ್ ತನ್ನ ಕತೆಯ ಪಾತ್ರವನ್ನು ತಾನೇ ಮಾಡಿದ್ದಾನೆ, ಅವನ ದೇಹ ಸುಳ್ಳು ಹೇಳುವುದಿಲ್ಲ. ಯಹೂದಿ ಗುರು, ಮುಸ್ಲಿಂ ಮತ್ತು ಹಿಂದೂ ಶಿಷ್ಯರು ಒಂದೇ ಕೋಣೆಯಲ್ಲಿ ಬೆವರುವುದು ಈ ಕಾಲದಲ್ಲಿ ಕಡಿಮೆ ಮಾತಲ್ಲ. ಅಮೆರಿಕದ ವೀಸಾ ನಿರಾಕರಣೆಯ ಪ್ರಸಂಗದಲ್ಲಿ ಪ್ರತಿಭೆಗೂ ಪಾಸ್‌ಪೋರ್ಟಿಗೂ ಇರುವ ದೂರ ಸ್ಪಷ್ಟವಾಗುತ್ತದೆ.

ಆದರೆ ಹೆತ್ತವರ ವಿಷಯದಲ್ಲಿ ಈ ಚಿತ್ರ ಜಿಪುಣತನ ತೋರುತ್ತದೆ. ಬಡವರ ಮನೆಯ ಹಿರಿಯರು ಇಲ್ಲಿ ಹೆಚ್ಚಾಗಿ ಅಡ್ಡಗೋಡೆಗಳು. ಮುಸ್ಲಿಂ ಹುಡುಗನ ಮನೆಯಲ್ಲಿ ಧರ್ಮದ ಆಕ್ಷೇಪ, ಹಿಂದೂ ಹುಡುಗನ ಮನೆಯಲ್ಲಿ ತಂದೆಯ ಸಿಟ್ಟು. ಇಂಥ ಆಕ್ಷೇಪಗಳು ಇಲ್ಲವೆಂದು ನಾವು ಹೇಳುವುದಿಲ್ಲ, ನಮ್ಮ ಮನೆಗಳಲ್ಲಿ ಅವು ಧಾರಾಳವಾಗಿವೆ. ಆದರೆ ಬಹಳ ಸಲ ನಮ್ಮ ಹಿರಿಯರು ಧರ್ಮದ ಭಾಷೆಯಲ್ಲಿ ಆಡುವುದು ಹೊಟ್ಟೆಪಾಡಿನ ಭಯವನ್ನೇ. ಬ್ಯಾಲೆ ನರ್ತಕನ ವೃತ್ತಿ ಸಾಮಾನ್ಯವಾಗಿ ನಲವತ್ತರೊಳಗೆ ಮುಗಿಯುತ್ತದೆ. ಒಂದು ಕೀಲು ತಪ್ಪಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಓದು ಬಿಟ್ಟು ಕುಣಿದ ಮಗ ನಾಳೆ ಏನು ತಿನ್ನುತ್ತಾನೆ ಎಂದು ಟ್ಯಾಕ್ಸಿ ಓಡಿಸುವ ತಂದೆ ಕೇಳಿದರೆ ಅದು ಅಜ್ಞಾನವಲ್ಲ, ಲೆಕ್ಕ. ಬಿಲ್ಲಿಯ ತಂದೆಗೆ ಸಿಕ್ಕ ಗೌರವ ಈ ತಂದೆಗೆ ಸಿಗಬೇಕಿತ್ತು. ಮನೀಶನನ್ನೇ ಕುರಿತು 2023ರಲ್ಲಿ ಬಂದ 'ಕಾಲ್ ಮಿ ಡ್ಯಾನ್ಸರ್' ಎಂಬ ಸಾಕ್ಷ್ಯಚಿತ್ರ, ತಡವಾಗಿ ಬ್ಯಾಲೆಗೆ ಬಂದವನ ದೇಹದ ಮಿತಿಯನ್ನೂ ಮನೆಯ ಹೊಣೆಯನ್ನೂ ಹೆಚ್ಚು ತಾಳ್ಮೆಯಿಂದ ನೋಡುತ್ತದೆ.

ಉರ್ದು ಮತ್ತು ಕನ್ನಡ ಎರಡರಲ್ಲೂ ಓದಿದವರಿಗೆ ಇಲ್ಲೊಂದು ಮಾತು ನೆನಪಾಗಬಹುದು. ಉರ್ದುವಿನಲ್ಲಿ ತಾಲೀಮ್ ಎಂದರೆ ಶಿಕ್ಷಣ. ಕನ್ನಡಕ್ಕೆ ಬಂದು ಅದು ಗರಡಿಯ, ರಂಗದ ಅಭ್ಯಾಸವಾಯಿತು. ಆದರೆ ನಮ್ಮ ಹಿರಿಯರು ತಾಲೀಮ್ ಎಂಬುದನ್ನು ಒಂಟಿಯಾಗಿ ಹೇಳುತ್ತಿರಲಿಲ್ಲ, ತಾಲೀಮ್-ತರ್ಬಿಯತ್ ಎಂದು ಜೋಡಿಸಿಯೇ ಹೇಳುತ್ತಿದ್ದರು. ತರ್ಬಿಯತ್ ಎಂದರೆ ಸಾಕಿ ಸಲಹಿ ಮನುಷ್ಯನನ್ನಾಗಿ ಮಾಡುವುದು. ತಾಲೀಮನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಕಾರ್ಯಾಗಾರಕ್ಕೆ ಕಳಿಸಬಹುದು, ಸ್ಪರ್ಧೆಯಲ್ಲಿ ಅಳೆಯಬಹುದು. ತರ್ಬಿಯತ್ತಿಗೆ ತೀರ್ಪುಗಾರರಿಲ್ಲ. ಸೋತು ಬಂದ ರಾತ್ರಿ ಮಗುವಿಗೆ ಏನು ಹೇಳುತ್ತೇವೆ, ಸಾಕು ಎಂದಾಗ ಅದರ ಮಾತು ಕೇಳುತ್ತೇವೆಯೇ ಎಂಬಲ್ಲಿ ಅದು ಇದೆ.

ಕರ್ನಾಟಕದಲ್ಲಿ ಬ್ಯಾಲೆ ಕಲಿಯುವ ಮಕ್ಕಳು ಕಡಿಮೆ. ಆದರೂ ಈ ಚಿತ್ರಗಳು ನಮಗೆ ದೂರದವಲ್ಲ. ಸರಕಾರದ ಪ್ರತಿಭಾ ಕಾರಂಜಿಯಲ್ಲಿ ಜನಪದ ನೃತ್ಯದಿಂದ ಕವ್ವಾಲಿಯವರೆಗೆ, ಕ್ಲಸ್ಟರ್ ಹಂತದಿಂದ ರಾಜ್ಯಮಟ್ಟದವರೆಗೆ ಸ್ಪರ್ಧೆಗಳಿವೆ. ಟಿ.ವಿ.ಯಲ್ಲಿ ಪುಟ್ಟ ಮಕ್ಕಳು ಕುಣಿದು ಅಂಕಕ್ಕಾಗಿ ಕಾಯುವಾಗ ಕ್ಯಾಮರಾ ಮೊದಲು ಹುಡುಕುವುದು ತಾಯಿಯ ಕಣ್ಣೀರನ್ನೇ. ಆ ಕಣ್ಣೀರು ಯಾರದು, ಮಗುವಿನ ಕನಸಿನದೋ ತಮ್ಮ ಕನಸಿನದೋ ಎಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು. ಹಾಗೆಯೇ, ಶುಲ್ಕ ಕಟ್ಟಲಾಗದ ಮನೆಯ ಮಗುವಿಗಾಗಿ ಡರ್ಹ್ಯಾಮಿನ ಆ ಗಣಿ ಊರಿನಂತೆ ಚಿಲ್ಲರೆ ಕೂಡಿಸುವ ಮೊಹಲ್ಲಾ, ಕೇರಿ ನಮ್ಮಲ್ಲಿ ಎಷ್ಟಿವೆ ಎಂದೂ ಕೇಳಿಕೊಳ್ಳಬೇಕು. ಮೊದಲ ಪ್ರಶ್ನೆ ಹೆತ್ತವರದ್ದು. ಎರಡನೆಯದು ನಮ್ಮೆಲ್ಲರದ್ದು.